ವಾಂತಿಭೇದಿ ಏಕೆ ಅಷ್ಟು ಜನರನ್ನು ಕೊಂದಿತು?

ಹೊಟ್ಟೆ ಕೆಟ್ಟಿತು ಎಂದರೆ ಇಂದು ನಮ್ಮ ಮನೆಗಳಲ್ಲಿ ಯಾರೂ ಅಷ್ಟಾಗಿ ಗಾಬರಿಪಡುವುದಿಲ್ಲ. ಮಜ್ಜಿಗೆಗೆ ಉಪ್ಪು ಬೆರೆಸಿ ಕುಡಿಯುವುದು, ಒಂದು ಹೊತ್ತು ಗಂಜಿ ಉಣ್ಣುವುದು, ಮಾರನೆಯ ದಿನ ಎಂದಿನಂತೆ ಕಚೇರಿಗೋ ಶಾಲೆಗೋ ಹೊರಡುವುದು; ಇಷ್ಟೇ. ಈ ರೋಗಕ್ಕೆ ನಮ್ಮ ಮುತ್ತಜ್ಜಂದಿರು ನಡುಗುತ್ತಿದ್ದರೆಂದು ಹೇಳಿದರೆ ತರಗತಿಯ ಹುಡುಗರು ನಗುತ್ತಾರೆ. ಆದರೆ ಅವರು ನಡುಗಿದುದಕ್ಕೆ ಕಾರಣವಿತ್ತು. ಬೆಳಗ್ಗೆ ನೇಗಿಲು ಹೂಡಿದ ಗಟ್ಟಿಮುಟ್ಟಾದ ಗಂಡಸು ಸಂಜೆಯ ಹೊತ್ತಿಗೆ ಚಟ್ಟದ ಮೇಲೆ ಮಲಗಿರುತ್ತಿದ್ದ. ಮೈಮೇಲೆ ಗಾಯವಿಲ್ಲ, ಬೊಕ್ಕೆಯಿಲ್ಲ, ಹೇಳಿಕೊಳ್ಳುವಂತಹ ಜ್ವರವೂ ಇಲ್ಲ. ಹೇಗೆ ಸತ್ತನೆಂಬುದಕ್ಕೆ ಉತ್ತರ ತಿಳಿಯದೆ ಊರಿನವರು ಮಾರಿಯನ್ನು ಗಡಿಯಾಚೆಗೆ ಸಾಗಿಸಿ ಬರುತ್ತಿದ್ದರು. ಆಚೆಯ ಊರಿನವರು ಅದನ್ನು ಇನ್ನೊಂದು ಗಡಿಗೆ ಸಾಗಿಸುತ್ತಿದ್ದರು. ರೋಗವೂ ಹಾಗೆಯೇ ಊರಿಂದೂರಿಗೆ ನಡೆಯುತ್ತಿತ್ತು.

ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ವಿಷೂಚಿಕಾ ಎಂಬ ಹೆಸರಿದೆ. ಸೂಚಿ ಎಂದರೆ ಸೂಜಿ. ಮೈಯನ್ನೆಲ್ಲ ಸೂಜಿಗಳಿಂದ ಚುಚ್ಚಿದಂತೆ ನೋಯಿಸುವುದರಿಂದ ಈ ಹೆಸರು ಬಂದಿತೆಂದು ಸುಶ್ರುತ ಸಂಹಿತೆ ವಿವರಿಸುತ್ತದೆ. ಆ ವಿಷೂಚಿಕೆಯೂ ಈಗಿನ ಕಾಲರಾ ರೋಗವೂ ಒಂದೇ ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಕಾಲರಾ ತಗಲಿದವರ ಕೈಕಾಲಿನ ಮಾಂಸಖಂಡಗಳು ಸೆಟೆದು ಸುರುಟಿಕೊಳ್ಳುವ ಯಾತನೆಗೆ ಆ ಹೆಸರು ಒಪ್ಪುವಂತಿದೆ. ಅತಿಸಾರ ಎಂಬ ಮಾತೂ ಅರ್ಥವತ್ತಾದುದೇ. ‘ಸೃ’ ಎಂಬ ಧಾತುವಿಗೆ ಹರಿ, ಸರಿ ಎಂಬ ಅರ್ಥ. ಮಿತಿಮೀರಿ ಹರಿದುಹೋಗುವುದೇ ಅತಿಸಾರ. ಹಾಗೆ ಹರಿದುಹೋಗುವುದಾದರೂ ಏನು, ಅದು ಹೋದುದರಿಂದ ದೇಹಕ್ಕೆ ಆದ ನಷ್ಟವೆಷ್ಟು ಎಂಬ ಲೆಕ್ಕವನ್ನು ಮಾತ್ರ ವೈದ್ಯರು ಬಹುಕಾಲ ಹಾಕಲಿಲ್ಲ. ಲಕ್ಷಾಂತರ ಜನ ಸತ್ತುದು ಈ ಲೆಕ್ಕ ತಪ್ಪಿದುದರಿಂದ.

ಕಾಲರಾ ರೋಗವು ೧೮೧೭ರಲ್ಲಿ ಬಂಗಾಳದ ಜೆಸ್ಸೋರ್ ಸೀಮೆಯಲ್ಲಿ ಭುಗಿಲೆದ್ದು ದೇಶವನ್ನೆಲ್ಲ ಸುತ್ತಿತು. ಮುಂದಿನ ಅಲೆಯಲ್ಲಿ ರಷ್ಯಾ, ಜರ್ಮನಿಗಳನ್ನು ದಾಟಿ ೧೮೩೧ರಲ್ಲಿ ಇಂಗ್ಲೆಂಡನ್ನು ಮುಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಕ್ಷಾಮವೂ ಕಾಲರಾವೂ ಕೂಡಿಬಂದ ೧೯೦೦ನೆಯ ಒಂದೇ ವರ್ಷದಲ್ಲಿ ಸುಮಾರು ೮ ಲಕ್ಷ ಜನ ಈ ರೋಗಕ್ಕೆ ತುತ್ತಾದರು. ಇದು ಸರ್ಕಾರದ ಕಾಗದದಲ್ಲಿ ಬರೆಯಿಸಿಕೊಂಡವರ ಸಂಖ್ಯೆ. ಊರನ್ನೇ ಬೆದರಿಸುವ ರೋಗವಾದುದರಿಂದ ಕಾಲರಾ ಲೆಕ್ಕಕ್ಕೆ ಸಿಕ್ಕಿತು. ಸದ್ದಿಲ್ಲದೆ ವರ್ಷವರ್ಷವೂ ಎಳೆಯ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದ ಸಾಧಾರಣ ಅತಿಸಾರ, ಆಮಶಂಕೆಗಳಿಗೆ ಲೆಕ್ಕವಿಡುವವರು ಯಾರು? ‘ಹಲ್ಲು ಬರುವ ಕಾಲ, ಹೊಟ್ಟೆ ಕೆಟ್ಟಿತು, ಮಗು ಉಳಿಯಲಿಲ್ಲ’ ಎಂದು ಹೇಳಿ ಮುಗಿಸುತ್ತಿದ್ದರು.

ಈಗ ದೇಹದೊಳಗಿನ ನೀರಿನ ಸಂಗತಿಯನ್ನು ನೋಡೋಣ. ಅರುವತ್ತು ಕಿಲೋ ತೂಗುವ ಗಂಡಸಿನ ಮೈಯಲ್ಲಿ ಸುಮಾರು ೩೬ ಲೀಟರು ನೀರಿರುತ್ತದೆ. ನಾವು ದಿನಕ್ಕೆ ಕುಡಿದು, ಉಂಡು ಒಳಗೆ ಕಳುಹಿಸುವ ನೀರು ಹೆಚ್ಚು ಕಡಿಮೆ ೨ ಲೀಟರು. ಇದಲ್ಲದೆ ಅನ್ನವನ್ನು ಅರಗಿಸುವುದಕ್ಕಾಗಿ ದೇಹವೇ ಸುಮಾರು ೭ ಲೀಟರು ರಸವನ್ನು ಅನ್ನನಾಳ, ಜಠರ, ಕರುಳುಗಳೊಳಗೆ ಸುರಿಯುತ್ತದೆ. ಬಾಯಿಯ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ, ಕರುಳಿನದೇ ಆದ ರಸ ಎಲ್ಲವೂ ಇದರಲ್ಲಿ ಸೇರಿವೆ. ಒಟ್ಟು ೯ ಲೀಟರು ಎಂದಾಯಿತು. ಇಷ್ಟರಲ್ಲಿ ಮಲದೊಡನೆ ಹೊರಗೆ ಹೋಗುವುದು ಹೆಚ್ಚೆಂದರೆ ಒಂದು ಲೋಟದಷ್ಟು. ಉಳಿದುದನ್ನೆಲ್ಲ ಕರುಳು ಮತ್ತೆ ಹೀರಿ ರಕ್ತಕ್ಕೆ ಒಪ್ಪಿಸುತ್ತದೆ. ಕೊಟ್ಟ ಸಾಲವನ್ನು ಸಂಜೆಯೊಳಗೆ ಕಾಸೂ ಬಿಡದೆ ವಸೂಲು ಮಾಡುವ ಸಾಹುಕಾರನಂತೆ ಕರುಳು ಕೆಲಸಮಾಡುತ್ತದೆ ಎನ್ನಬಹುದು. ಈ ವಸೂಲಿ ನಿಂತರೆ, ಅಥವಾ ಕೊಡುವುದು ಮಿತಿಮೀರಿದರೆ, ಅದೇ ಭೇದಿ.

ಕಾಲರಾ ಕ್ರಿಮಿ ಮಾಡುವುದು ಇದನ್ನೇ. ಅದು ನೋಡುವುದಕ್ಕೆ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದೆ. ಕುಡಿಯುವ ನೀರಿನೊಡನೆ ಒಳಹೊಕ್ಕು, ಜಠರದ ಆಮ್ಲವನ್ನು ದಾಟಿ ಬದುಕಿದವು ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಒಂದು ವಿಷವನ್ನು ಬಿಡುತ್ತವೆ. ಈ ವಿಷ ಕರುಳನ್ನು ಕೊರೆಯುವುದಿಲ್ಲ, ಹುಣ್ಣು ಮಾಡುವುದಿಲ್ಲ. ಕೆರೆಯ ತೂಬಿನ ಕಲ್ಲನ್ನು ಎತ್ತಿ, ಮತ್ತೆ ಇಳಿಯದಂತೆ ಬೆಣೆ ಬಡಿದರೆ ಹೇಗೋ ಹಾಗೆ, ಕರುಳಿನ ಜೀವಕೋಶದೊಳಗಿನ ಒಂದು ಕೀಲನ್ನು ತೆರೆದ ಸ್ಥಿತಿಯಲ್ಲಿಯೇ ನಿಲ್ಲಿಸಿಬಿಡುತ್ತದೆ. ಆಗ ಕೋಶದಿಂದ ಲವಣವು ಕರುಳಿನೊಳಗೆ ಸುರಿಯುತ್ತದೆ. ಲವಣ ಹೋದ ಕಡೆಗೆ ನೀರೂ ಹೋಗುತ್ತದೆ. ರೋಗಿಗೆ ಆಗುವುದು ಮಲವೇ ಅಲ್ಲ; ಅಕ್ಕಚ್ಚಿನಂತಹ ಬಿಳಿಯ ನೀರು. ರೋಗ ಉಗ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೆ ಹೋಗುವುದುಂಟು.

ದೇಹದ ತೂಕದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ನೀರು ಬತ್ತಿದರೆ ಪ್ರಾಣಕ್ಕೆ ಅಪಾಯ. ಅರುವತ್ತು ಕಿಲೋ ತೂಗುವವನಿಗೆ ಅದು ೬ ಲೀಟರು, ಎಂದರೆ ಆರು ಗಂಟೆಯ ಕೆಲಸ. ಬೆಳಗ್ಗೆ ನೇಗಿಲು ಹೂಡಿದವನು ಸಂಜೆ ಇಲ್ಲವಾದುದು ಹೀಗೆ. ಎಂಟು ಕಿಲೋ ತೂಗುವ ಕೂಸಿಗಾದರೋ ಅದು ಕೇವಲ ೮೦೦ ಮಿಲಿಲೀಟರು. ಒಂದು ಸಣ್ಣ ಚೊಂಬಿನಷ್ಟು. ದೊಡ್ಡವರಿಗೆ ‘ಸ್ವಲ್ಪ ಹೊಟ್ಟೆ ಕೆಟ್ಟಿದೆ’ ಎನ್ನಿಸುವ ನಷ್ಟವೇ ಮಗುವಿನ ಕೆರೆಯನ್ನು ಬರಿದುಮಾಡಿಬಿಡುತ್ತದೆ. ಈ ಒಂದು ಲೆಕ್ಕವನ್ನು ತಾಯಂದಿರು ಗಮನದಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ನೀರು ಬತ್ತಿದಂತೆಲ್ಲ ರಕ್ತ ಗಟ್ಟಿಯಾಗುತ್ತದೆ, ಕಣ್ಣು ಗುಳಿಬೀಳುತ್ತದೆ, ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತದೆ, ಮೂತ್ರ ಕಟ್ಟುತ್ತದೆ, ನಾಡಿ ಕೈಗೆ ಸಿಕ್ಕುವುದಿಲ್ಲ. ಹೃದಯಕ್ಕೆ ತಳ್ಳಲು ರಕ್ತವಿದ್ದೂ ಇಲ್ಲದಂತಾಗುತ್ತದೆ. ಅನೇಕ ರೋಗಿಗಳಿಗೆ ಕೊನೆಯವರೆಗೂ ಪ್ರಜ್ಞೆ ಇರುತ್ತಿತ್ತು. ‘ನೀರು, ನೀರು’ ಎಂದು ಕೇಳುತ್ತಲೇ ಸಾಯುತ್ತಿದ್ದರು. ಇದರಲ್ಲೊಂದು ವಿಚಿತ್ರವನ್ನು ಗಮನಿಸಿರಿ. ತೂಬನ್ನು ಎತ್ತಿದ ಆ ವಿಷ ಯಾವಾಗಲೂ ಉಳಿಯುವುದಿಲ್ಲ. ಕರುಳಿನ ಒಳಗೋಡೆ ಕೆಲವು ದಿನಗಳಿಗೊಮ್ಮೆ ತಾನೇ ಹೊಸತಾಗುತ್ತದೆ. ವಿಷ ತಗಲಿದ ಕೋಶಗಳು ಉದುರಿಹೋಗಿ ರೋಗ ತಾನಾಗಿಯೇ ಕಳೆಯುತ್ತದೆ. ಅಷ್ಟು ದಿನ ರೋಗಿಯ ಮೈಯಲ್ಲಿ ನೀರು ನಿಂತರೆ ಸಾಕು, ಅವನು ಬದುಕುತ್ತಾನೆ. ನಿಲ್ಲಿಸಲು ತಿಳಿಯದ ಕಾಲದಲ್ಲಿ ಉಗ್ರ ರೋಗ ತಗಲಿದವರಲ್ಲಿ ಅರ್ಧದಷ್ಟು ಜನ ಸಾಯುತ್ತಿದ್ದರು. ತಿಳಿದ ಮೇಲೆ ನೂರಕ್ಕೆ ಒಬ್ಬರೂ ಸಾಯಬೇಕಾಗಿಲ್ಲ.

ರೋಗ ಹರಡಿದುದು ಹೇಗೆ? ಒಬ್ಬನ ಮಲ ಇನ್ನೊಬ್ಬನ ಬಾಯಿಗೆ ಹೋಗುವುದರಿಂದ. ಕೇಳಲು ಹೇಸಿಗೆಯಾದ ಮಾತು. ಆದರೆ ಸುತ್ತುಬಳಸಿ ಹೇಳಿದರೆ ಪ್ರಯೋಜನವಿಲ್ಲ. ಪಟ್ಟಣಗಳು ಬೆಳೆದು ಜನ ಒತ್ತೊತ್ತಾಗಿ ವಾಸಮಾಡತೊಡಗಿದ ಮೇಲೆ ಕಕ್ಕಸಿನ ಗುಂಡಿಗೂ ಕುಡಿಯುವ ಬಾವಿಗೂ ನಡುವಣ ದೂರ ಕಡಿಮೆಯಾಯಿತು. ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕಥೆ ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. ೧೮೫೪ರ ಆಗಸ್ಟ್ ಕೊನೆಯಲ್ಲಿ ಆ ಬೀದಿಯ ಸುತ್ತಮುತ್ತ ಕಾಲರಾ ಎದ್ದು, ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ರೋಗವು ಕೆಟ್ಟ ವಾಸನೆಯ ಗಾಳಿಯಿಂದ ಬರುತ್ತದೆಂಬುದು ಆಗಿನ ವಿದ್ವಾಂಸರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನೊಬ್ಬ ಮಾತ್ರ ನೀರಿನ ಮೇಲೆ ಅನುಮಾನಪಟ್ಟು, ಸತ್ತವರ ಮನೆಮನೆಗೂ ಹೋಗಿ ‘ನೀವು ಎಲ್ಲಿಯ ನೀರು ಕುಡಿದಿರಿ?’ ಎಂದು ವಿಚಾರಿಸಿದ. ಬಹುಮಟ್ಟಿಗೆ ಎಲ್ಲರೂ ಬೀದಿಯ ಕೈಪಂಪಿನ ನೀರು ಕುಡಿದವರು. ಅಲ್ಲಿಯೇ ಪಕ್ಕದಲ್ಲಿದ್ದ ಬಡವರ ಆಶ್ರಮವೊಂದರಲ್ಲಿ ೫೩೫ ಜನರಿದ್ದರೂ ಸತ್ತವರು ಐವರೇ. ಆಶ್ರಮಕ್ಕೆ ತನ್ನದೇ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತು ಮಂದಿ ಕೆಲಸಗಾರರಲ್ಲಿ ಯಾರೂ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರೇ ಸಿಕ್ಕುತ್ತಿದ್ದುದರಿಂದ ಪಂಪಿನ ಬಳಿಗೆ ಹೋಗುವ ಅಗತ್ಯವೇ ಇರಲಿಲ್ಲವಂತೆ! ಪಾನನಿರೋಧದ ಸಭೆಗಳಲ್ಲಿ ಈ ಉದಾಹರಣೆಯನ್ನು ಯಾರೂ ಹೇಳುವಂತಿಲ್ಲ.

ಸೆಪ್ಟೆಂಬರ್ ೮ರಂದು ಸ್ನೋನ ಮಾತಿನಂತೆ ಪಂಪಿನ ಹಿಡಿಯನ್ನು ಕಳಚಿದರು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತೆಂಬುದನ್ನೂ ಹೇಳಬೇಕು. ಜನ ಸತ್ತು, ಉಳಿದವರು ಊರು ಬಿಟ್ಟಿದ್ದರು. ಆಮೇಲೆ ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ, ಸ್ನೋ ಹೇಳಿದುದು ಸುಳ್ಳೆಂದು ತೋರಿಸಲು ಹೊರಟು, ಹುಡುಕುತ್ತ ಹುಡುಕುತ್ತ ಅವನ ಮಾತಿಗೇ ಬಲವಾದ ಸಾಕ್ಷಿಯನ್ನು ತಂದ. ಪಂಪಿನ ಎದುರು ಮನೆಯಲ್ಲಿ ಒಂದು ಎಳೆಗೂಸಿಗೆ ಭೇದಿಯಾಗಿತ್ತು. ತಾಯಿ ಅದರ ಬಟ್ಟೆಗಳನ್ನು ತೊಳೆದ ನೀರನ್ನು ಮನೆಯ ಗುಂಡಿಗೆ ಸುರಿದಿದ್ದಳು. ಅಗೆದು ನೋಡಿದರೆ ಗುಂಡಿಯ ಇಟ್ಟಿಗೆಗಳು ಸಡಿಲಗೊಂಡಿದ್ದುವು. ಅಲ್ಲಿಂದ ಬಾವಿಗೆ ಮೂರೇ ಅಡಿ.

ಸ್ನೋ ಇದಕ್ಕಿಂತ ದೊಡ್ಡ ಲೆಕ್ಕವನ್ನೂ ಹಾಕಿದ್ದ. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪೆನಿಗಳು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಕೊಳಾಯಿ ನೀರು ಮಾರುತ್ತಿದ್ದುವು. ಒಂದು ಕಂಪೆನಿ ಊರ ಕೊಳಚೆ ಸೇರುವ ಕಡೆಯಿಂದ ಥೇಮ್ಸ್ ನದಿಯ ನೀರೆತ್ತುತ್ತಿತ್ತು. ಇನ್ನೊಂದು ೧೮೫೨ರಲ್ಲಿ ಊರಿಗಿಂತ ಮೇಲುಗಡೆಗೆ ತನ್ನ ಸ್ಥಾನವನ್ನು ಬದಲಾಯಿಸಿತ್ತು. ಮೊದಲನೆಯ ಕಂಪೆನಿಯ ಹತ್ತು ಸಾವಿರ ಮನೆಗಳಿಗೆ ೩೧೫ ಸಾವು, ಎರಡನೆಯದಕ್ಕೆ ೩೭. ಗಾಳಿ ಒಂದೇ, ಬೀದಿ ಒಂದೇ, ಕಸುಬು ಒಂದೇ, ಬೇರೆಯಾದುದು ನೀರು. ಇಷ್ಟಾದರೂ ಸ್ನೋನನ್ನು ದೊಡ್ಡವರು ಒಪ್ಪಲಿಲ್ಲ. ಅವನು ೧೮೫೮ರಲ್ಲಿ ತೀರಿಕೊಂಡ. ಅದೇ ಬೇಸಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಕಿಟಕಿಗಳನ್ನು ಹೊಕ್ಕಿದ ಮೇಲೆ ಒಳಚರಂಡಿಗೆ ಹಣ ಮಂಜೂರಾಯಿತು! ಬ್ಯಾಝಲ್‌ಗೆಟ್ ಎಂಬ ಇಂಜಿನಿಯರು ಕಟ್ಟಿಸಿದ ಆ ಚರಂಡಿಗಳು ಇನ್ನೂ ತಲಪದಿದ್ದ ಪೂರ್ವಭಾಗದಲ್ಲಿ ಮಾತ್ರ ೧೮೬೬ರಲ್ಲಿ ಕಾಲರಾ ಕಾಣಿಸಿಕೊಂಡಿತು. ಲಂಡನ್ನಿಗೆ ಅದೇ ಕೊನೆಯ ಹಾವಳಿ.

ಜರ್ಮನಿಯ ಹ್ಯಾಂಬರ್ಗ್ ಊರಿನ ಕಥೆ ಇನ್ನೂ ಸ್ಪಷ್ಟವಾದುದು. ಅದಕ್ಕೆ ಅಂಟಿಕೊಂಡಂತೆ ಆಲ್ಟೋನ ಎಂಬ ಇನ್ನೊಂದು ಊರು. ಎರಡೂ ಎಲ್ಬ್ ನದಿಯ ನೀರನ್ನೇ ಕುಡಿಯುತ್ತಿದ್ದುವು. ಹ್ಯಾಂಬರ್ಗ್ ನದಿಯ ಮೇಲುಗಡೆಯಿಂದ ನೀರೆತ್ತಿ ಸೋಸದೆಯೇ ಕೊಳಾಯಿಗೆ ಬಿಡುತ್ತಿತ್ತು. ಆಲ್ಟೋನಕ್ಕೆ ಬರುತ್ತಿದ್ದುದು ಹ್ಯಾಂಬರ್ಗಿನ ಕೊಳಚೆ ಬೆರೆತ ಕೆಳಗಡೆಯ ನೀರು; ಆದರೆ ಅದನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಸೋಸುತ್ತಿದ್ದರು. ೧೮೯೨ರಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು ೮,೬೦೦ ಜನ ಕಾಲರಾದಿಂದ ಸತ್ತರು. ಆಲ್ಟೋನದಲ್ಲಿ ಮುನ್ನೂರು ಚಿಲ್ಲರೆ. ಗಡಿಬೀದಿಯ ಒಂದು ಪಕ್ಕದ ಮನೆಗಳಲ್ಲಿ ಸಾವು, ಎದುರು ಪಕ್ಕದಲ್ಲಿ ಇಲ್ಲ. ಸೋಸುವ ಕೆಲಸವನ್ನು ಮಾಡಿದುದು ಬರಿಯ ಮರಳೂ ಅಲ್ಲ; ಮರಳಿನ ಮೇಲೆ ಕಟ್ಟುವ ಲೋಳೆಯ ಪದರದಲ್ಲಿ ಕ್ರಿಮಿಗಳು ಸಿಕ್ಕಿಬಿದ್ದು ನಾಶವಾಗುತ್ತವೆ. ಕ್ಲೋರಿನ್ ಬೆರೆಸಿ ಊರಿಗೆಲ್ಲ ನೀರು ಕೊಡುವ ಏರ್ಪಾಡು ಅಮೆರಿಕದ ಜರ್ಸಿ ನಗರದಲ್ಲಿ ೧೯೦೮ರಲ್ಲಿ ಆರಂಭವಾಯಿತು.

ಹ್ಯಾಂಬರ್ಗಿನ ಹಾವಳಿಗೆ ಎಂಟು ವರ್ಷಗಳ ಹಿಂದೆಯೇ, ೧೮೮೪ರಲ್ಲಿ, ರಾಬರ್ಟ್ ಕಾಖ್ ಎಂಬ ಜರ್ಮನ್ ವಿಜ್ಞಾನಿ ನಮ್ಮ ಕಲ್ಕತ್ತೆಗೆ ಬಂದು ಕಾಲರಾ ಕ್ರಿಮಿಯನ್ನು ಬೇರ್ಪಡಿಸಿ ತೋರಿಸಿದ್ದ. ಜನ ಮೀಯುವ, ಕುಡಿಯುವ ಕೊಳವೊಂದರ ನೀರಿನಲ್ಲಿಯೂ ಅದು ಅವನಿಗೆ ಸಿಕ್ಕಿತ್ತು. ಇಟಲಿಯ ಪಚೀನಿ ಎಂಬಾತ ೧೮೫೪ರಲ್ಲಿಯೇ ಅದನ್ನು ಕಂಡಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ಕಾಖನ ಮಾತನ್ನೂ ನಂಬದ ಪೆಟ್ಟೆನ್‌ಕೋಫರ್ ಎಂಬ ಎಪ್ಪತ್ತು ದಾಟಿದ ಪ್ರಾಧ್ಯಾಪಕ ೧೮೯೨ರಲ್ಲಿ ಕ್ರಿಮಿಗಳು ತುಂಬಿದ ಸಾರನ್ನು ಎಲ್ಲರೆದುರಿಗೆ ಗಟಗಟನೆ ಕುಡಿದುಬಿಟ್ಟ. ಸ್ವಲ್ಪ ಭೇದಿಯಾಯಿತೇ ಹೊರತು ಅವನಿಗೆ ಬೇರೇನೂ ಆಗಲಿಲ್ಲ. ವಾದದ ಛಲ ಎಲ್ಲಿಯವರೆಗೆ ಹೋಗುತ್ತದೆ ನೋಡಿರಿ! ಕಾಲರಾ ಕ್ರಿಮಿ ತಗಲಿದವರಿಗೆಲ್ಲ ಉಗ್ರ ರೋಗ ಬರುವುದಿಲ್ಲ. ಆ ಮುದುಕನ ಅದೃಷ್ಟ ಚೆನ್ನಾಗಿತ್ತು.

ಇನ್ನು ಔಷಧದ ವಿಷಯ. ರೋಗ ಬಂದ ಮೇಲೆ ವೈದ್ಯರು ಏನು ಮಾಡುತ್ತಿದ್ದರೆಂಬುದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಯೂರೋಪಿನ ದೊಡ್ಡ ದೊಡ್ಡ ವೈದ್ಯರು, ನೀರು ಬತ್ತಿ ಸಾಯುತ್ತಿರುವವನ ತೋಳನ್ನು ಕೊಯ್ದು ರಕ್ತ ಹರಿಸುತ್ತಿದ್ದರು. ಗಟ್ಟಿಯಾದ ರಕ್ತ ಹೊರಗೆ ಬರಲಾರದು. ಆಗ ‘ಸಾಕಷ್ಟು ಬೇಗ ಕೊಯ್ಯಲಿಲ್ಲ’ ಎನ್ನುತ್ತಿದ್ದರು. ಕ್ಯಾಲೋಮೆಲ್ ಎಂಬ ಪಾದರಸದ ಲವಣವನ್ನು ಕೊಟ್ಟು ಇನ್ನಷ್ಟು ಭೇದಿ ಮಾಡಿಸುತ್ತಿದ್ದರು. ಇದೆಲ್ಲಕ್ಕಿಂತ ಕ್ರೂರವಾದುದು, ನೀರು ಕೊಡಬಾರದೆಂಬ ಕಟ್ಟಳೆ. ಕುಡಿದ ನೀರು ಮತ್ತೆ ವಾಂತಿಯಾಗಿ, ಭೇದಿಯಾಗಿ ಹೋಗುವುದನ್ನು ಕಂಡು, ಕೊಡದಿದ್ದರೆ ಹೋಗುವುದಿಲ್ಲವೆಂದು ತರ್ಕಿಸಿದರು. ಹೊಟ್ಟೆ ಕೆಟ್ಟಾಗ ಲಂಘನವೇ ಪರಮೌಷಧವೆಂಬ ಮಾತು ನಮ್ಮಲ್ಲಿಯೂ ಉಂಟು. ಅಜೀರ್ಣಕ್ಕೆ ಅದು ಒಳ್ಳೆಯ ಮಾತೇ. ಆದರೆ ಲಂಘನವೆಂದರೆ ನೀರನ್ನೂ ಬಿಡುವುದೆಂದು ತಿಳಿದು, ಬಾಯಾರಿ ಅಳುವ ಮಗುವಿಗೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ ಸುಮ್ಮನಿರಿಸಿದ ಮನೆಗಳು ಎಷ್ಟೋ. ಅದೂ ಪ್ರೀತಿಯಿಂದಲೇ ಮಾಡಿದುದು.

ಸರಿಯಾದ ಲೆಕ್ಕವನ್ನು ಮೊದಲು ಹಾಕಿದವನು ವಿಲಿಯಂ ಓಶಾಗ್ನೆಸಿ ಎಂಬ ಇಪ್ಪತ್ತೆರಡು ವರ್ಷದ ಐರಿಷ್ ವೈದ್ಯ. ೧೮೩೧ರ ಕೊನೆಯಲ್ಲಿ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕಡಿಮೆಯಾಗಿವೆ, ಅವೇ ಭೇದಿಯಲ್ಲಿ ಸೇರಿವೆ, ಅವನ್ನು ಹಿಂದಕ್ಕೆ ಕೊಡಬೇಕು ಎಂದು ಬರೆದ. ಮಾರನೆಯ ವರ್ಷ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಥಾಮಸ್ ಲಟ್ಟ ಎಂಬ ವೈದ್ಯ ಅದನ್ನು ಮಾಡಿಯೇ ನೋಡಿದ. ಇನ್ನೇನು ಪ್ರಾಣ ಹೋಯಿತೆನ್ನುವ ಮುದುಕಿಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಹೋದ. ಮೂರು ಲೀಟರಿಗೂ ಮಿಕ್ಕಿ ಹೋಗುವಷ್ಟರಲ್ಲಿ ನಾಡಿ ತಿರುಗಿತು, ಮುಖಕ್ಕೆ ಕಳೆ ಬಂದಿತು, ಆಕೆ ತನಗೆ ಹಾಯಾಗಿದೆಯೆಂದಳು. ಲಟ್ಟ ಆಯಾಸಗೊಂಡು, ರೋಗಿಯನ್ನು ಇನ್ನೊಬ್ಬ ವೈದ್ಯನ ವಶಕ್ಕೆ ಬಿಟ್ಟು ವಿಶ್ರಾಂತಿಗೆ ಹೋದ. ಭೇದಿ ಮತ್ತೆ ಆರಂಭವಾಯಿತು; ನೀರನ್ನು ಮತ್ತೆ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ; ಐದೂವರೆ ಗಂಟೆಯಲ್ಲಿ ಆಕೆ ಸತ್ತಳು. ಮುಂದೆ ಹಲವು ರೋಗಿಗಳಲ್ಲಿ ಕೆಲವರು ಬದುಕಿದರೂ, ಈ ಚಿಕಿತ್ಸೆ ಹೆಸರು ಕೆಡಿಸಿಕೊಂಡಿತು. ಮುಳುಗಿಹೋದವರ ಮೇಲೆಯೇ ಪ್ರಯೋಗಿಸುತ್ತಿದ್ದರು. ಕ್ರಿಮಿಗಳ ಜ್ಞಾನವಿಲ್ಲದೆ ಶುದ್ಧವಿಲ್ಲದ ನೀರನ್ನೇ ರಕ್ತಕ್ಕೆ ಬಿಡುತ್ತಿದ್ದರು. ಒಂದು ಸಲ ಕೊಟ್ಟು ನಿಲ್ಲಿಸುತ್ತಿದ್ದರು. ಲಟ್ಟ ಮರುವರ್ಷವೇ ತೀರಿಕೊಂಡ. ಓಶಾಗ್ನೆಸಿ ೧೮೩೩ರಲ್ಲಿ ಇಂಡಿಯಾಕ್ಕೆ ಬಂದು, ಕಲ್ಕತ್ತೆಯಲ್ಲಿ ಕೆಲಕಾಲ ಪಾಠ ಹೇಳಿ, ಆಮೇಲೆ ಈ ದೇಶಕ್ಕೆಲ್ಲ ತಂತಿ ಟಪಾಲನ್ನು ಹಾಕಿಸುವ ಕೆಲಸದಲ್ಲಿ ಹೆಸರಾದ. ಕಾಲರಾದ ತವರಿಗೇ ಬಂದು, ಕಾಲರಾದ ಮದ್ದನ್ನು ಬಿಟ್ಟು ತಂತಿಯನ್ನು ಹಿಡಿದ ಅವನ ವಿಧಿಯನ್ನು ನೆನೆದರೆ ನನಗೆ ಬೆರಗಾಗುತ್ತದೆ.

ಆ ವಿದ್ಯೆ ಮತ್ತೆ ಎದ್ದು ನಿಲ್ಲಲು ಮುಕ್ಕಾಲು ಶತಮಾನ ಹಿಡಿಯಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಉಪ್ಪುನೀರನ್ನು ನಾಳಕ್ಕೆ ಕೊಟ್ಟು ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿದ. ಆದರೆ ಸೀಸೆ, ಸೂಜಿ, ಶುದ್ಧಗೊಳಿಸಿದ ನೀರು, ನುರಿತ ಕೈ ಇವೆಲ್ಲ ಇರುವ ಕಡೆಗೆ ಕಾಲರಾ ಬರುವುದು ಕಡಿಮೆ. ಬರುವ ಕಡೆ ಇವು ಇರುವುದಿಲ್ಲ. ಬಾಯಿಂದ ಕುಡಿಸಿದರೆ ನಿಲ್ಲುವ ನೀರು ಯಾವುದಾದರೂ ಉಂಟೆ?

ಉತ್ತರ ಅಡಿಗೆಮನೆಯಲ್ಲಿಯೇ ಇತ್ತು. ಬರಿಯ ನೀರನ್ನಾಗಲಿ ಬರಿಯ ಉಪ್ಪುನೀರನ್ನಾಗಲಿ ಕಾಲರಾ ಕರುಳು ಸಾಕಷ್ಟು ಹೀರಲಾರದು. ಕರುಳಿನ ಗೋಡೆಯಲ್ಲಿ ಸಕ್ಕರೆಗೂ ಉಪ್ಪಿಗೂ ಜೋಡಿಬಾಗಿಲೊಂದುಂಟು. ಎರಡೂ ಕೂಡಿ ಬಂದರೆ ಮಾತ್ರ ತೆರೆಯುತ್ತದೆ. ಗ್ಲುಕೋಸ್ ತನ್ನೊಡನೆ ಲವಣವನ್ನು ಕರೆದೊಯ್ಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಇದನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ೧೯೬೦ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದ. ಕಾಲರಾ ವಿಷ ತೂಬನ್ನು ಎತ್ತುವುದು ನಿಜ. ಆದರೆ ಈ ಜೋಡಿಬಾಗಿಲನ್ನು ಅದು ಮುಟ್ಟುವುದಿಲ್ಲ. ಇದಕ್ಕೆ ಒಂದು ವರ್ಷ ಮುಂಚೆ, ೧೯೫೯ರಲ್ಲಿ, ಕಲ್ಕತ್ತೆಯ ಶಂಭುನಾಥ ಡೇ ಅವರು ಮೊಲದ ಕರುಳಿನ ತುಂಡೊಂದನ್ನು ಎರಡು ಕಡೆ ಕಟ್ಟಿ, ಕ್ರಿಮಿಗಳನ್ನು ಸೋಸಿ ತೆಗೆದ ದ್ರವವನ್ನು ಅದರೊಳಗೆ ಬಿಟ್ಟರು. ಕ್ರಿಮಿಯೇ ಇಲ್ಲದಿದ್ದರೂ ಕರುಳು ನೀರು ತುಂಬಿ ಉಬ್ಬಿತು. ಕ್ರಿಮಿ ಬಿಡುವ ವಿಷವೇ ನೀರು ಸುರಿಸುತ್ತದೆಂಬುದಕ್ಕೆ ಅದೇ ಮೊದಲ ಸಾಕ್ಷಿ. ಬದುಕಿರುವಾಗ ಡೇ ಅವರಿಗೆ ನಮ್ಮ ದೇಶದಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬುದು ನನ್ನ ಅಭಿಪ್ರಾಯ. ೧೯೭೮ರಲ್ಲಿ ನೊಬೆಲ್ ಸಂಸ್ಥೆಯವರು ಒಂದು ವಿದ್ವತ್ಸಭೆಗೆ ಕರೆದಾಗ ಮಾತ್ರ ಅನೇಕರು ಅವರ ಹೆಸರನ್ನು ಕೇಳಿದರು.

ಇವರಿಗೂ ಮೊದಲು, ೧೯೫೩ರಲ್ಲಿ, ಹೇಮೇಂದ್ರನಾಥ ಚಟರ್ಜಿ ಎಂಬ ಬಂಗಾಳಿ ವೈದ್ಯರು ೧೮೬ ಕಾಲರಾ ರೋಗಿಗಳಿಗೆ ಉಪ್ಪು, ಗ್ಲುಕೋಸ್ ಬೆರೆತ ನೀರನ್ನು ಬಾಯಿಂದಲೇ ಕೊಟ್ಟು ಗುಣಪಡಿಸಿದುದಾಗಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ವಾಂತಿ ನಿಲ್ಲಲು ಒಂದು ಔಷಧವನ್ನೂ, ಜೊತೆಗೆ ಒಂದು ಎಲೆಯ ರಸವನ್ನೂ ಅವರು ಬಳಸಿದರು. ಆ ಎಲೆ ಯಾವುದೆಂದು ತಿಳಿದರೆ ನಿಮಗೆ ಸಂತೋಷವಾದೀತು: ನಮ್ಮ ಹಿತ್ತಿಲ ದೊಡ್ಡಪತ್ರೆ. ಹೋಲಿಸಿ ನೋಡಲು ಬೇರೊಂದು ರೋಗಿಗಳ ಗುಂಪನ್ನು ಅವರು ಇಟ್ಟುಕೊಂಡಿರಲಿಲ್ಲವೆಂಬ ಕೊರತೆಯಿಂದ ಆ ಲೇಖನವನ್ನು ಲೋಕ ಬದಿಗಿಟ್ಟಿತು. ೧೯೬೮ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಸಂಗಡಿಗರು, ಭೇದಿಯಲ್ಲಿ ಹೋದ ನೀರನ್ನು ಅಳೆದು ಅಷ್ಟೇ ದ್ರವವನ್ನು ಕುಡಿಸಿ, ಈ ಕ್ರಮ ನಿಲ್ಲುವಂತಹುದೆಂದು ತೋರಿಸಿದರು.

ಆಸ್ಪತ್ರೆಯ ಅಳತೆಗೋಲಿನ ನಡುವೆ ಗೆದ್ದುದು ಬಯಲಿನಲ್ಲಿ ಗೆಲ್ಲುವುದೆ? ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದರು. ಬನಗಾಂವ್ ಎಂಬ ಊರಿನ ಸಣ್ಣ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ಹಾಸಿಗೆ ಸಾಲದೆ ನೆಲದ ತುಂಬ ಬಿದ್ದಿದ್ದರು. ಡಾಕ್ಟರು ವಾಂತಿಭೇದಿಗಳ ನಡುವೆ ಮೊಣಕಾಲೂರಿಯೇ ಸೂಜಿ ಚುಚ್ಚಬೇಕಾಗಿತ್ತು. ಸೀಸೆಗಳ ದಾಸ್ತಾನು ಮುಗಿಯುತ್ತ ಬಂದಿತು. ದಿಲೀಪ್ ಮಹಾಲನೋಬಿಸ್ ಎಂಬ ವೈದ್ಯರು ಆಗ ಒಂದು ಸಾಹಸ ಮಾಡಿದರು. ಲೀಟರು ನೀರಿಗೆ ೨೨ ಗ್ರಾಂ ಗ್ಲುಕೋಸ್, ೩.೫ ಗ್ರಾಂ ಅಡಿಗೆ ಉಪ್ಪು, ೨.೫ ಗ್ರಾಂ ಅಡಿಗೆ ಸೋಡ ಎಂಬ ಲೆಕ್ಕದಲ್ಲಿ ಪುಡಿಯನ್ನು ಕಲ್ಕತ್ತೆಯಲ್ಲಿ ತೂಗಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಸಿ, ಬಿಸಿ ಕಬ್ಬಿಣದಿಂದ ಬಾಯಿ ಅಂಟಿಸಿ ತರಿಸಿದರು. ಪೀಪಾಯಿಗಳಲ್ಲಿ ಕದಡಿಟ್ಟು, ‘ಇದನ್ನು ಕುಡಿಸುತ್ತಲೇ ಇರಿ’ ಎಂದು ರೋಗಿಗಳ ತಾಯಂದಿರಿಗೂ ಅಣ್ಣತಮ್ಮಂದಿರಿಗೂ ಲೋಟ ಕೊಟ್ಟರು. ಶಿಬಿರಗಳಲ್ಲಿ ನೂರಕ್ಕೆ ಮೂವತ್ತರಷ್ಟು ರೋಗಿಗಳು ಸಾಯುತ್ತಿದ್ದ ಕಾಲದಲ್ಲಿ, ಹೀಗೆ ಚಿಕಿತ್ಸೆ ಪಡೆದ ೩,೭೦೦ ಮಂದಿಯಲ್ಲಿ ಸತ್ತವರು ನೂರಕ್ಕೆ ನಾಲ್ವರಿಗಿಂತ ಕಡಿಮೆ. ಶುಶ್ರೂಷೆ ಮಾಡಿದವರು ಮನೆಯವರೇ. ಅವರಲ್ಲಿ ಅನೇಕರಿಗೆ ಓದುಬರಹವಿರಲಿಲ್ಲ. ಮಹಾಲನೋಬಿಸ್ ೨೦೨೨ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಮರುವರ್ಷ ಬಂದಿತು.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹೊಟ್ಟೆಗಿಲ್ಲದ ಮಗುವಿಗೆ ಭೇದಿ ಬೇಗ ತಗಲುತ್ತದೆ, ಬಹಳ ದಿನ ನಿಲ್ಲುತ್ತದೆ. ಭೇದಿಯಾದ ಮಗು ಉಂಡುದನ್ನು ಮೈಗೆ ಹತ್ತಿಸಿಕೊಳ್ಳದೆ ಇನ್ನಷ್ಟು ಸೊರಗುತ್ತದೆ. ಕ್ಷಾಮದ ವರ್ಷಗಳಲ್ಲಿ ಹಸಿವಿನಿಂದ ಸತ್ತರೆಂದು ನಾವು ಹೇಳುವ ಎಷ್ಟೋ ಜನರನ್ನು ಕೊನೆಗೆ ಕೊಂದುದು ಭೇದಿಯೇ. ಇಂದಿಗೂ ಲೋಕದಲ್ಲಿ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಮಿಕ್ಕಿದ ಮಕ್ಕಳು ಪ್ರತಿವರ್ಷ ಈ ರೋಗದಿಂದ ಸಾಯುತ್ತಾರೆ. ಆದುದರಿಂದ ಭೇದಿಯಾದ ಮಗುವಿಗೆ ಎದೆಹಾಲನ್ನೂ ಅನ್ನವನ್ನೂ ನಿಲ್ಲಿಸಬಾರದು. ಅಂಗಡಿಯಲ್ಲಿ ಸಿಕ್ಕುವ ಓ.ಆರ್.ಎಸ್. ಪೊಟ್ಟಣ ಎಲ್ಲಕ್ಕಿಂತ ಒಳ್ಳೆಯದು. ಅದರ ಮೇಲೆ ಬರೆದಷ್ಟೇ ನೀರಿಗೆ ಅದನ್ನು ಬೆರೆಸಬೇಕು. ಅದು ಸಿಕ್ಕುವವರೆಗೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಚಮಚವೆಂದರೆ ಟೀ ಚಮಚ. ಪ್ರೀತಿಯಿಂದ ಸಕ್ಕರೆಯನ್ನು ಹೆಚ್ಚು ಹಾಕಿದರೆ ಅದು ನೀರನ್ನು ಕರುಳಿಗೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಬಣ್ಣದ ಬಾಟಲಿಗಳ ಸಿಹಿಪಾನೀಯ ಇದಕ್ಕೆ ಬದಲಾಗಲಾರದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಜೋತುಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿಸಿದುದೆಲ್ಲ ವಾಂತಿಯಾದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ದಾರಿಯಲ್ಲಿಯೂ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಭೇದಿ ನಿಂತ ಮೇಲೂ ಕೆಲವು ದಿನ ಸತುವಿನ ಮಾತ್ರೆ ಕೊಡಬೇಕೆಂದು ವೈದ್ಯರು ಹೇಳಿದರೆ ಅದನ್ನು ನಡುವೆ ಬಿಡಬೇಡಿರಿ.

ಈ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿದವರು ಬಾಂಗ್ಲಾದೇಶದವರು. ೧೯೮೦ರಿಂದ ೧೯೯೦ರವರೆಗೆ ಬ್ರಾಕ್ ಎಂಬ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನಡೆದುಹೋಗಿ ತಾಯಂದಿರಿಗೆ ಕಲಿಸಿದರು. ತಕ್ಕಡಿಯಿಲ್ಲ, ಚಮಚವೂ ಇಲ್ಲ: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿ ಹೋದ ಕೆಲವು ದಿನಗಳ ಮೇಲೆ ಬೇರೆಯವರು ಬಂದು, ತಾಯಿ ಅದನ್ನು ತಪ್ಪಿಲ್ಲದೆ ಹೇಳುವಳೇ, ಮಾಡಿ ತೋರಿಸುವಳೇ ಎಂದು ಪರೀಕ್ಷಿಸುತ್ತಿದ್ದರು. ತಾಯಿ ಎಷ್ಟು ನೆನಪಿಟ್ಟುಕೊಂಡಿದ್ದಳೋ ಅದಕ್ಕೆ ತಕ್ಕಂತೆ ಕಲಿಸಿದವಳಿಗೆ ಸಂಬಳ. ನಮ್ಮ ಶಾಲೆಗಳಿಗೂ ಇದೇ ಕ್ರಮ ಬಂದಿದ್ದರೆ ವ್ಯಾಕರಣ ಪಾಠ ಹೇಳುವ ನನ್ನಂತಹವರ ಗತಿ ಏನಾಗುತ್ತಿತ್ತೋ! ಆ ಹೆಣ್ಣುಮಕ್ಕಳು ಮಾತ್ರ ಸಂಬಳವನ್ನು ಎಣಿಸಿಕೊಂಡು ಮುಂದಿನ ಹಳ್ಳಿಗೆ ನಡೆದರು.